ಬೆನ್ನಿನ ಟಿಬಿ ಗುಳಿಗೆಗೆ ಬಗ್ಗುತ್ತದೆ



ಸೊಲ್ಲಾಪುರ, ಅಕ್ಕಲಕೋಟ ಕಡೆ ನಮ್ಮ ಎಷ್ಟೋ ಮನೆಗಳಲ್ಲಿ ಬೀಡಿ ಕಟ್ಟುತ್ತಾರೆ. ಮುಂಜಾನೆಯಿಂದ ಸಂಜೆತನಕ ಬಾಗಿ ಕೂತರೆ ಬೆನ್ನು ನೋಯುವುದೇ. ಅದಕ್ಕೇ ಬೆನ್ನುನೋವು ಅಂದರೆ ಯಾರೂ ಕಿವಿಗೊಡುವುದಿಲ್ಲ. "ಎಣ್ಣಿ ಹಚ್ಚಿ ಮಲಕೋ" ಅಂತಾರೆ.

ಬೆನ್ನುನೋವೆಲ್ಲ ಟಿಬಿ ಅಲ್ಲ, ಖರೆ. ದುಡಿದ ನೋವು ಮಲಗಿದರೆ ಇಳಿಯುತ್ತದೆ. ಟಿಬಿಯ ನೋವು ಹೆಚ್ಚಾಗಿ ರಾತ್ರಿಯೂ ಬಿಡುವುದಿಲ್ಲ. ತಿಂಗಳಾದರೂ ನೋವು ಹೋಗದಿದ್ದರೆ, ಸಂಜೆಗೆ ಜ್ವರ ಬಂದರೆ, ಮೈ ಇಳಿದರೆ ಸರಕಾರಿ ದವಾಖಾನೆಗೆ ಹೋಗಿ ತಪಾಸಣೆ ಮಾಡಿಸಿರಿ.

ಟಿಬಿ ಅಂದರೆ ಕೆಮ್ಮು ಅಂತ ನಾವು ತಿಳಿದಿದ್ದೇವೆ. ಅದೇ ರೋಗಾಣು ರಕ್ತದಲ್ಲಿ ಹೋಗಿ ಬೆನ್ನೆಲುಬಿನಲ್ಲಿ ಕೂಡಬಹುದು. ಎಲುಬನ್ನು ಮೆಲ್ಲಗೆ ತಿನ್ನುತ್ತದೆ. ಬೆನ್ನಿನಲ್ಲಿ ಮಾತ್ರ ಇದ್ದರೆ ಇನ್ನೊಬ್ಬರಿಗೆ ಹತ್ತುವುದಿಲ್ಲ. ತಾಟು, ಹಾಸಿಗೆ ಬೇರೆ ಮಾಡಬೇಡಿರಿ.

ಹೆಸರು ಕೇಳಿದ ಕೂಡಲೆ ಜನ ಅಂಜುವುದು ಆಪರೇಶನ್‌ಗೆ. "ಬೆನ್ನು ಕೊಯ್ಯತಾರ, ಹೊಲ ಮಾರಬೇಕಾಗತದ" ಅಂತ ಮನೆಯಲ್ಲೇ ಉಳಿಯುತ್ತಾರೆ. ಉಳಿದಷ್ಟು ಎಲುಬು ಸವೆಯುತ್ತದೆ, ಗೂನು ಬೀಳುತ್ತದೆ. ಹಿಂಗ ತಡ ಮಾಡಿದವರಿಗೇ ಆಪರೇಶನ್ ಬೇಕಾಗುವುದು ಹೆಚ್ಚು. ಎಂಥ ಉಲ್ಟಾ ಲೆಕ್ಕ ನೋಡಿರಿ!

ಬೇಗ ಗೊತ್ತಾದರೆ ಹೆಚ್ಚಿನವರಿಗೆ ಗುಳಿಗೆ ಸಾಕು. ಇದು ಸುಮ್ಮನೆ ಹೇಳುವ ಮಾತಲ್ಲ. ಮದ್ರಾಸಿನಲ್ಲಿ ಡಾಕ್ಟರರು ನಡೆದಾಡಬಲ್ಲ ರೋಗಿಗಳನ್ನು ತೆಗೆದುಕೊಂಡರು. ಕೆಲವರಿಗೆ ಆಪರೇಶನ್ ಮಾಡಿ ಗುಳಿಗೆ ಕೊಟ್ಟರು. ಕೆಲವರಿಗೆ ಬರೀ ಗುಳಿಗೆ ಕೊಟ್ಟರು. 10 ವರ್ಷ ನೋಡಿದರು. 1999ರಲ್ಲಿ ವರದಿ ಬಂತು. ಬರೀ ಗುಳಿಗೆ ತಿಂದವರಲ್ಲಿ 100ಕ್ಕೆ 90ಕ್ಕಿಂತ ಹೆಚ್ಚು ಜನ ಚೆನ್ನಾಗಿದ್ದರು.

ಸರಕಾರಿ ದವಾಖಾನೆಯಲ್ಲಿ ಗುಳಿಗೆ ಪುಕ್ಕಟೆ. ಆದರೆ ದಿನಾ ತಿನ್ನಬೇಕು, ಸಾಮಾನ್ಯವಾಗಿ 12 ತಿಂಗಳು. ಕೆಲವರಿಗೆ ಡಾಕ್ಟರರು ಇನ್ನೂ ಹೆಚ್ಚಿಸುತ್ತಾರೆ. ನಮ್ಮವರು ಎಡವುವುದು ಇಲ್ಲೇ. ಎರಡು ತಿಂಗಳಿಗೆ ನೋವು ಇಳಿದರೆ "ಆರಾಮ ಆತು" ಅಂತ ಬಿಟ್ಟುಬಿಡುತ್ತಾರೆ. ರೋಗಾಣು ಒಳಗೇ ಇರುತ್ತದೆ. ಮತ್ತೆ ಎದ್ದಾಗ ಹಳೆಯ ಗುಳಿಗೆಗೆ ಬಗ್ಗದೇ ಹೋಗಬಹುದು. ನೀವು ಈಗ ಅಂಕಿ ಓದಬಲ್ಲಿರಿ. ಗುಳಿಗೆ ತಿಂದ ದಿನ ಕ್ಯಾಲೆಂಡರಿನಲ್ಲಿ ಒಂದು ಗೀಟು ಹಾಕಿರಿ.

ಮೂತ್ರ ಕೆಂಪಗೆ ಹೋದರೆ ಅಂಜಬೇಡಿರಿ, ಅದು ಗುಳಿಗೆಯ ಬಣ್ಣ. ಕಣ್ಣು ಹಳದಿಯಾದರೆ, ನೋಟ ಮಂಜಾದರೆ, ವಾಂತಿ ನಿಲ್ಲದಿದ್ದರೆ ಮಾತ್ರ ಕೂಡಲೆ ಡಾಕ್ಟರರಿಗೆ ಹೇಳಿರಿ. ಊಟಕ್ಕೆಂದು ಸರಕಾರ 2024ರ ನವೆಂಬರದಿಂದ ತಿಂಗಳಿಗೆ 1000 ರೂಪಾಯಿ ಲೆಕ್ಕದಲ್ಲಿ ರೋಗಿಯ ಖಾತೆಗೆ ಹಾಕುತ್ತದೆ. ರೊಟ್ಟಿ ಜೋಡಿ ಬೇಳೆ, ಶೇಂಗಾ, ತತ್ತಿ ತಿನ್ನಿರಿ.

ಆಪರೇಶನ್ ಬೇಕೇ ಬೇಕಾದವರೂ ಇದ್ದಾರೆ. ಕಾಲಿನ ಬಲ ಹೋದರೆ, ಜೋಮು ಹಿಡಿದರೆ, ಉಚ್ಚೆ ಸಂಡಾಸಿನ ಹತೋಟಿ ತಪ್ಪಿದರೆ ಮರುದಿನಕ್ಕೆ ಕಾಯಬೇಡಿರಿ. ಅವತ್ತೇ ದೊಡ್ಡ ದವಾಖಾನೆಗೆ ಒಯ್ಯಿರಿ. ಹಳೆಯ ಎಕ್ಸ್‌ರೇ, ಗುಳಿಗೆಯ ಕಾರ್ಡು ಜೊತೆಗಿರಲಿ.