ಬಲ್ಲ ಕಥೆಯಲ್ಲಿ ಹೊಸ ಆಟ: ಭಾರತದ ಜಗತ್ತು ಮತ್ತು ಪಾತ್ರಧಾರಣೆಯ ಆಟದ ಯೋಜನೆ

ಮೇಜಿನ ಸುತ್ತ ನಾಲ್ಕೈದು ಜನ ಕುಳಿತು, ಒಬ್ಬೊಬ್ಬರೂ ಒಂದೊಂದು ಕಲ್ಪಿತ ಪಾತ್ರವನ್ನು ವಹಿಸಿಕೊಂಡು, ಆ ಪಾತ್ರ ಏನು ಮಾಡುತ್ತದೆ, ಏನು ಆಡುತ್ತದೆ ಎಂಬುದನ್ನು ಬಾಯಿಮಾತಿನಲ್ಲೇ ಹೇಳುತ್ತ, ಫಲ ಏನಾದೀತೆಂದು ಹೇಳಲಾಗದ ಕಡೆ ದಾಳ ಉರುಳಿಸಿ ಕಥೆಯನ್ನು ಮುಂದೆ ಸಾಗಿಸುವ ಆಟಕ್ಕೆ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್, ಅಂದರೆ ಪಾತ್ರಧಾರಣೆಯ ಆಟ ಎಂದು ಹೆಸರು. ಕಥೆಯ ಜಗತ್ತನ್ನು ವರ್ಣಿಸುವ, ಆಟಗಾರರು ವಹಿಸದ ಉಳಿದೆಲ್ಲ ಪಾತ್ರಗಳಿಗೆ ಬಾಯಾಗುವ, ನಿಯಮದ ತಕರಾರು ಬಂದಾಗ ತೀರ್ಪು ಕೊಡುವ ವ್ಯಕ್ತಿಯನ್ನು ಗೇಮ್ ಮಾಸ್ಟರ್ ಎನ್ನುತ್ತಾರೆ. ಅವೇ ಪಾತ್ರಗಳನ್ನು ಇಟ್ಟುಕೊಂಡು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯುವ ಕೂಟಗಳ ಸರಣಿಯೇ ಕ್ಯಾಂಪೇನ್. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ, 1974ರಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಬಗೆಯ ಆಟಗಳಲ್ಲಿ ಮೊದಲು ಅಚ್ಚಾಗಿ ಮಾರಾಟಕ್ಕೆ ಬಂದದ್ದು. ಓದುಗರು ಆಗಲೇ ಮನಸಾರೆ ಮೆಚ್ಚಿ, ಪಾತ್ರಗಳ ಹೆಸರು ಹಿಡಿದು ಮಾತಾಡುವಷ್ಟು ಬಲ್ಲ ಕಥಾಜಗತ್ತೊಂದರ ಒಳಗೆ ಇಂಥ ಕ್ಯಾಂಪೇನನ್ನು ಯೋಜಿಸುವುದು ಹೇಗೆ ಎಂಬುದು ಅಣ್ಣಿಗೇರಿಯಲ್ಲಿ ಸೇರಿರುವ ಈ ವಿಚಾರ ಸಂಕಿರಣದ ವಿಷಯ.

ಮೇಲುನೋಟಕ್ಕೆ ಇದು ಸುಲಭದ ಕೆಲಸವೆನಿಸುತ್ತದೆ, ಏಕೆಂದರೆ ಜಗತ್ತು, ನಕ್ಷೆ, ಹೆಸರು, ವೈರ ಎಲ್ಲವನ್ನೂ ಗ್ರಂಥಕರ್ತನೇ ಸಿದ್ಧಮಾಡಿ ಇಟ್ಟಿರುತ್ತಾನೆ. ತೊಡಕು ಹುಟ್ಟುವುದೂ ಅಲ್ಲಿಂದಲೇ. ದೊಡ್ಡ ಕೆಲಸಗಳನ್ನೆಲ್ಲ ಗ್ರಂಥದ ನಾಯಕರು ಮಾಡಿ ಮುಗಿಸಿದ್ದಾರೆ, ಅಂತ್ಯ ಎಲ್ಲರಿಗೂ ಗೊತ್ತಿದೆ, ಮೇಜಿನ ಸುತ್ತ ಕುಳಿತವರಿಗೆ ಉಳಿದಿರುವುದು ನಾಯಕರ ಹಿಂದೆ ನಿಂತು ಚಪ್ಪಾಳೆ ತಟ್ಟುವ ಕೆಲಸ ಮಾತ್ರ. ಜೆ. ಆರ್. ಆರ್. ಟೋಲ್ಕಿನ್ 1937ರಲ್ಲಿ ‘ದ ಹಾಬಿಟ್’ ಕಾದಂಬರಿಯನ್ನೂ 1954–55ರಲ್ಲಿ ಮೂರು ಸಂಪುಟಗಳ ‘ದ ಲಾರ್ಡ್ ಆಫ್ ದ ರಿಂಗ್ಸ್’ ಕೃತಿಯನ್ನೂ ಪ್ರಕಟಿಸಿ ಕಟ್ಟಿದ ಮಿಡ್ಲ್-ಅರ್ತ್ ಎಂಬ ಲೋಕದಲ್ಲಿ ಆಟ ಹೂಡಿದವರು ಈ ತೊಡಕನ್ನು ಕಾಲದ ಆಯ್ಕೆಯಿಂದ ಬಿಡಿಸಲು ನೋಡಿದರು. 1984ರಲ್ಲಿ ಬಂದ ‘ಮಿಡ್ಲ್-ಅರ್ತ್ ರೋಲ್ ಪ್ಲೇಯಿಂಗ್’ ತನ್ನ ಕಥೆಯನ್ನು ಆ ಲೋಕದ ಮೂರನೆಯ ಯುಗದ 1640ರ ಆಸುಪಾಸಿನಲ್ಲಿ, ಅಂದರೆ ‘ಲಾರ್ಡ್ ಆಫ್ ದ ರಿಂಗ್ಸ್’ ಕಥೆಯ ಉಂಗುರದ ಯುದ್ಧಕ್ಕೆ ಸುಮಾರು 1400 ವರ್ಷ ಮೊದಲು ಇರಿಸಿತು. 2011ರ ‘ದ ಒನ್ ರಿಂಗ್’ ಅದೇ ಯುಗದ 2946ನ್ನು, ಎಂದರೆ ‘ಹಾಬಿಟ್’ ಕಥೆಯ ಐದು ಸೈನ್ಯಗಳ ಕದನ ಮುಗಿದ ಐದು ವರ್ಷಗಳ ನಂತರದ ಹೊತ್ತನ್ನು ಆರಿಸಿಕೊಂಡಿತು. ಮೊದಲನೆಯದರಲ್ಲಿ ಆಟಗಾರರಿಗೆ ಬಯಲು ದೊಡ್ಡದು, ಆದರೆ ಓದುಗ ಪ್ರೀತಿಸಿದ ಮುಖಗಳು ಹೆಚ್ಚುಕಡಿಮೆ ಇಲ್ಲ; ಎರಡನೆಯದರಲ್ಲಿ ಪರಿಚಿತರು ಪಕ್ಕದ ಕಣಿವೆಯಲ್ಲೇ ಬದುಕಿದ್ದಾರೆ, ಮುಂದಿನ ಮಹಾಯುದ್ಧದ ನೆರಳು ದೂರದಲ್ಲಿ ಕಾಣುತ್ತಿದೆ. ಇವೆರಡರಲ್ಲಿ ಎರಡನೆಯ ಆಯ್ಕೆಯೇ ಜಾಣತನದ್ದು ಎನ್ನಬೇಕಾಗುತ್ತದೆ, ಮತ್ತು ಅದರ ಕಾರಣ ಕಾಲಗಣನೆಯೊಂದರಲ್ಲೇ ಇಲ್ಲ. 1984ರ ಆಟ ತನ್ನ ಕಾಳಗ ಮತ್ತು ಮಂತ್ರವಿದ್ಯೆಯ ನಿಯಮಗಳನ್ನು ಬೇರೊಂದು ಸಾಮಾನ್ಯ ಆಟದಿಂದ ಎರವಲು ತಂದದ್ದರಿಂದ, ಮಂತ್ರವೆಂಬುದು ಅತಿ ವಿರಳವಾದ ಆ ಲೋಕದಲ್ಲಿ ಹಾದಿಬೀದಿಯ ಪಾತ್ರಗಳೆಲ್ಲ ಮಂತ್ರ ಹಾಕುವಂತಾಯಿತು. 2011ರ ಆಟವಾದರೋ ಭರವಸೆ ಮತ್ತು ನೆರಳು ಎಂಬ ಎರಡು ಭಾವಗಳನ್ನೇ ಅಂಕಗಳಾಗಿ ಪಾತ್ರಕ್ಕೆ ಕಟ್ಟಿ, ಕೆಟ್ಟದ್ದನ್ನು ಮಾಡಿದವನ ಮನಸ್ಸು ಕ್ರಮೇಣ ಕದಡುವ ನಿಯಮವನ್ನು ಇಟ್ಟಿತು. ಮೊದಲನೆಯದು ನಕ್ಷೆಗೆ ನಿಷ್ಠವಾಗಿತ್ತು, ಎರಡನೆಯದು ಸ್ವಭಾವಕ್ಕೆ.

ಈ ಪ್ರಶ್ನೆಗಳನ್ನು ಅಣ್ಣಿಗೇರಿಯಲ್ಲಿ ಎತ್ತುವುದಕ್ಕೆ ಸ್ಥಳಾಭಿಮಾನಕ್ಕಿಂತ ಗಟ್ಟಿಯಾದ ಕಾರಣವಿದೆ. ಕವಿ ಪಂಪನ ತಮ್ಮ ಜಿನವಲ್ಲಭ ಹಾಕಿಸಿದ, ಈಗಿನ ತೆಲಂಗಾಣದಲ್ಲಿರುವ ಕುರಿಕ್ಯಾಲದ ಶಾಸನವು ಅವರ ತಾಯಿ ಅಬ್ಬಣಬ್ಬೆಯನ್ನು ಬೆಳ್ವೊಲನಾಡಿನ ಅಣ್ಣಿಗೇರಿಯ ಜೋಯಿಸ ಸಿಂಘನ ಮನೆತನದವಳೆಂದು ಗುರುತಿಸುತ್ತದೆ. ಎಲ್ಲರೂ ಬಲ್ಲ ಭಾರತವನ್ನು, ಅಂದರೆ ಮಹಾಭಾರತದ ಕಥೆಯನ್ನು, ಕೈಗೆತ್ತಿಕೊಂಡು, ತನ್ನ ಆಶ್ರಯದಾತನಾದ ವೇಮುಲವಾಡದ ಚಾಲುಕ್ಯ ಅರಿಕೇಸರಿಯನ್ನು ಅರ್ಜುನನ ಪಾತ್ರದಲ್ಲಿ ನಿಲ್ಲಿಸಿ, ಹತ್ತನೆಯ ಶತಮಾನದಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ಬರೆದ ಪಂಪನು ಪಾತ್ರಧಾರಣೆಯ ತರ್ಕವನ್ನು ಅದರ ಕೊನೆಯವರೆಗೂ ನಡೆಸಿದವನು: ಬದುಕಿರುವ ಅರಸನೊಬ್ಬ ಅರ್ಜುನನಾದ ಮೇಲೆ ಅವನ ಹೆಂಡತಿ ಐವರಿಗೆ ಹೆಂಡತಿಯಾಗಿರುವುದು ಸಲ್ಲದು, ಆದ್ದರಿಂದ ದ್ರೌಪದಿ ಅರ್ಜುನನೊಬ್ಬನ ಕೈ ಹಿಡಿಯುತ್ತಾಳೆ, ಮತ್ತು ಯುದ್ಧ ಮುಗಿದ ಮೇಲೆ ಪಟ್ಟ ಸಲ್ಲುವುದು ಧರ್ಮರಾಯನಿಗಲ್ಲ, ಸುಭದ್ರೆಯೊಡನೆ ಅರ್ಜುನನಿಗೆ. ಇಷ್ಟು ದೊಡ್ಡ ಬದಲಾವಣೆ ಮಾಡಿಯೂ ಕೃತಿ ಭಾರತವಾಗಿಯೇ ಉಳಿದಿದ್ದರೆ, ಅದಕ್ಕೆ ಕಾರಣ ಕರ್ಣನ ನನ್ನಿ, ದುರ್ಯೋಧನನ ಛಲ, ಭೀಷ್ಮನ ಹಿರಿತನ ಮೊದಲಾದ ಸ್ವಭಾವಗಳ ತೂಕವನ್ನು ಕವಿ ಕದಲಿಸದೇ ಇದ್ದದ್ದು. ಮುಧೋಳದ ರನ್ನನ ಜಾಣ್ಮೆ ಬೇರೆ ಬಗೆಯದು. ಅವನು ಹದಿನೆಂಟನೆಯ ದಿನದ ಗದಾಯುದ್ಧವೊಂದನ್ನೇ ಹಿಡಿದು, ಹಿಂದಿನ ಕಥೆಯನ್ನೆಲ್ಲ ಸಿಂಹಾವಲೋಕನ ಕ್ರಮದಲ್ಲಿ, ಅಂದರೆ ನಡೆಯುತ್ತಲೇ ಹೊರಳಿ ನೋಡುವ ರೀತಿಯಲ್ಲಿ, ಆ ಒಂದು ದಿನದೊಳಗೆ ತಂದ. ಅಣ್ಣಿಗೇರಿಗೆ ದೂರವಲ್ಲದ ಕೋಳಿವಾಡದ ಕುಮಾರವ್ಯಾಸ ಹತ್ತು ಪರ್ವಗಳಿಗೆ ಕಥೆ ನಿಲ್ಲಿಸಿದ. ಯಾರ ಕಣ್ಣಿನಿಂದ ನೋಡಬೇಕು, ಎಲ್ಲಿ ಕಾಲೂರಿ ಶುರುಮಾಡಬೇಕು, ಎಲ್ಲಿ ಬಿಡಬೇಕು ಎಂಬ ಪ್ರಶ್ನೆಗಳು ಕ್ಯಾಂಪೇನ್ ಯೋಜಿಸುವವನ ಮುಂದೆಯೂ ಇವೇ; ಟೋಲ್ಕಿನ್ನನ ಲೋಕದಲ್ಲಿ ಆಟ ಹೂಡಿದವರು 1984ರಿಂದ ಈಚೆಗೆ ಎದುರಿಸಿದ್ದನ್ನು ಕನ್ನಡ ಕವಿಗಳು ಶತಮಾನಗಳ ಹಿಂದೆಯೇ ಎದುರಿಸಿ ಮೂರು ಬಗೆಯ ಉತ್ತರ ಕೊಟ್ಟಿದ್ದರು.

ಆದರೆ ಕಾವ್ಯ ಒಬ್ಬನ ಕೈಯ ಕೆಲಸ, ಆಟ ಹಲವರ ಬಾಯಿಯದು. ಹಲವರು ಕೂಡಿ, ಮೊದಲೇ ಬರೆದಿಟ್ಟ ಮಾತಿಲ್ಲದೆ, ಬಲ್ಲ ಕಥೆಯನ್ನು ಆಡಿ ಮುನ್ನಡೆಸುವ ಕಲೆಗೆ ಹತ್ತಿರದ ಕನ್ನಡದ ಉದಾಹರಣೆಯನ್ನು ಕರಾವಳಿ, ಮಲೆನಾಡು ಮತ್ತು ಕಾಸರಗೋಡಿನ ತಾಳಮದ್ದಳೆಯಲ್ಲಿ ಹುಡುಕಬೇಕು. ವೇಷ, ಬಣ್ಣ, ಕುಣಿತಗಳಿಲ್ಲದೆ ಕುಳಿತೇ ನಡೆಸುವ ಈ ಕೂಟದಲ್ಲಿ ಭಾಗವತರು ಪ್ರಸಂಗದ, ಅಂದರೆ ಹಾಡಲೆಂದು ರಚಿಸಿದ ಕಥಾಪಠ್ಯದ ಪದ್ಯವನ್ನು ಹಾಡುತ್ತಾರೆ. ಆ ಪದ್ಯದ ಅರ್ಥವನ್ನು ಪಾತ್ರ ವಹಿಸಿದ ಅರ್ಥಧಾರಿ ಸ್ಥಳದಲ್ಲೇ ಮಾತು ಕಟ್ಟಿ ಹೇಳುತ್ತಾನೆ, ಎದುರು ಪಾತ್ರದವನು ಅದಕ್ಕೆ ಅಲ್ಲೇ ಮರುಮಾತು ಕೊಡಬೇಕಾಗುತ್ತದೆ. ರಾಮಾಯಣದ ವಾಲಿವಧೆಯನ್ನು ಆಡುವಾಗ ವಾಲಿ ಸಾಯುವುದು ಖಂಡಿತ. ಆದರೆ ಸಾಯುವ ಮುನ್ನ ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ಅವನು ಯಾವ ನ್ಯಾಯದ ಮಾತಿನಿಂದ ಕಟ್ಟಿಹಾಕುತ್ತಾನೆ, ರಾಮ ಅದರಿಂದ ಹೇಗೆ ಬಿಡಿಸಿಕೊಳ್ಳುತ್ತಾನೆ ಎಂಬುದು ಆ ರಾತ್ರಿಯವರೆಗೆ ಯಾರಿಗೂ ಗೊತ್ತಿರುವುದಿಲ್ಲ. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನೋ ರಾವಣನನ್ನೋ ಕೇಳಲು ಜನ ಸೇರುತ್ತಿದ್ದುದು ಕಥೆ ತಿಳಿಯಲೆಂದಲ್ಲ. ಪಶ್ಚಿಮದ ಪಾತ್ರಧಾರಣೆಯ ಆಟ ಇದಕ್ಕೆ ತಿರುಗುಮುರುಗಾದುದು: ಅಲ್ಲಿ ಫಲ ತೆರೆದಿರುತ್ತದೆ, ಬಹಳಷ್ಟು ಆಟಗಳಲ್ಲಿ ಮಾತು ಅದರ ಹಿಂದೆ ಹಿಂದೆ ಬರುತ್ತದೆ. ಪ್ರೀತಿಯ ಗ್ರಂಥದೊಳಗಿನ ಕ್ಯಾಂಪೇನ್ ಸೋಲುವುದು ಹೆಚ್ಚಾಗಿ ಈ ಭೇದವನ್ನು ಗಮನಿಸದೇ ಇರುವುದರಿಂದ. ಗ್ರಂಥದ ಮುಖ್ಯ ಘಟನೆಗಳನ್ನು ಗಟ್ಟಿಯಾಗಿ ಹಿಡಿದು, ಅವುಗಳ ನಡುವಿನ ಕಾರಣ, ಹೊಣೆ, ನಷ್ಟ, ನ್ಯಾಯಗಳನ್ನೆಲ್ಲ ಆಟಗಾರರಿಗೆ ಬಿಟ್ಟುಕೊಟ್ಟರೆ ಅಂತ್ಯ ಗೊತ್ತಿರುವುದು ಆಟಕ್ಕೆ ಅಡ್ಡಿಯಾಗುವುದಿಲ್ಲ, ಅದೇ ಆಟದ ಬಲವಾಗುತ್ತದೆ. ಅರ್ಥರ್ ರಾಜನ ಕಥೆಯನ್ನು ಆಧರಿಸಿ ಗ್ರೆಗ್ ಸ್ಟ್ಯಾಫರ್ಡ್ 1985ರಲ್ಲಿ ಹೊರತಂದ ‘ಪೆಂಡ್ರಾಗನ್’ ಇದನ್ನು ಕಂಡುಕೊಂಡ ಅಪರೂಪದ ಆಟ. ರಾಜ್ಯ ಏಳುವುದೂ ಬೀಳುವುದೂ ಅಲ್ಲಿ ನಿಶ್ಚಿತ, ಅದರ ನಡುವೆ ಒಂದು ಮನೆತನ ತಲೆಮಾರುಗಳುದ್ದಕ್ಕೂ ಹೇಗೆ ಬಾಳಿತು ಎಂಬುದು ಆಟಗಾರರದು.

ಅಣ್ಣಿಗೇರಿ ಸೇರಿದ ಧಾರವಾಡ ಸೀಮೆಗೆ ತಾಳಮದ್ದಳೆ ತನ್ನದಲ್ಲ, ಇಲ್ಲಿಯದು ದೊಡ್ಡಾಟ ಮತ್ತು ಸಣ್ಣಾಟವೆಂಬ ಬಯಲಾಟಗಳು. ದೊಡ್ಡಾಟದ ಮಾತನ್ನು ಮಾಸ್ತರರು ತಿಂಗಳುಗಟ್ಟಲೆ ಕಲಿಸಿರುತ್ತಾರಾದ್ದರಿಂದ ಆಶುಮಾತಿಗೆ ಅಲ್ಲಿ ಎಡೆ ಕಡಿಮೆ. ಆದರೂ ಅದರ ಸಾರಥಿಯೆಂಬ ಪಾತ್ರ ಈ ಸಂಕಿರಣದ ಗಮನಕ್ಕೆ ಬರಬೇಕು, ಏಕೆಂದರೆ ರಂಗಕ್ಕೆ ಬಂದ ಪ್ರತಿ ಪಾತ್ರವನ್ನೂ ತಡೆದು, ಯಾವ ಊರು, ಯಾರ ಮಗ, ಹೆಸರೇನು, ಬಂದ ಕಾರಣವೇನು ಎಂದು ಕೇಳಿ ಬಾಯಿ ಬಿಡಿಸುವವನು ಅವನೇ. ಹೊಸ ಆಟಗಾರರ ಕೈಗೆ ಗೇಮ್ ಮಾಸ್ಟರು ಉದ್ದನೆಯ ಅಂಕಪಟ್ಟಿಯನ್ನು ಕೊಟ್ಟು ತುಂಬಿಸುವುದಕ್ಕಿಂತ ಸಾರಥಿಯ ಈ ನಾಲ್ಕು ಪ್ರಶ್ನೆ ಕೇಳುವುದು ಎಷ್ಟೋ ಉತ್ತಮ ಆರಂಭ.

ಈ ತತ್ತ್ವಗಳು ನಿಲ್ಲುತ್ತವೆಯೇ ಎಂದು ನೋಡಲು ಒಂದು ಕ್ಯಾಂಪೇನಿನ ಕರಡನ್ನು ಸಭೆಯ ಮುಂದಿಡುವುದು ಯೋಗ್ಯ. ಭಾರತದಲ್ಲಿ ಇದಕ್ಕೆ ಒದಗುವ ಭಾಗ ವಿರಾಟಪರ್ವ. ಹಾವೇರಿ ಜಿಲ್ಲೆಯ ಹಾನಗಲ್ಲನ್ನೇ ವಿರಾಟನಗರಿಯೆಂದು ಹೇಳುವ ಐತಿಹ್ಯ ಹಳೆಯದಾದ್ದರಿಂದ, ಆಟಗಾರರಿಗೆ ನೆಲ, ಕೆರೆ, ಗದ್ದೆ, ಗುಡ್ಡಗಳ ಕಲ್ಪನೆಯನ್ನು ಬೇರೆಡೆಯಿಂದ ತರಬೇಕಿಲ್ಲ. ಹನ್ನೆರಡು ವರ್ಷ ವನವಾಸ ಮುಗಿಸಿದ ಪಾಂಡವರು ಹದಿಮೂರನೆಯ ವರ್ಷ ಗುರುತು ಸಿಗದಂತೆ ಇಲ್ಲಿ ಕಳೆಯಬೇಕು, ಸಿಕ್ಕಿಬಿದ್ದರೆ ಮತ್ತೆ ಅಷ್ಟೂ ವನವಾಸ. ಭೀಮ ಅಡುಗೆಮನೆಯಲ್ಲಿ ವಲಲ, ಅರ್ಜುನ ಅಂತಃಪುರಕ್ಕೆ ನಾಟ್ಯ ಕಲಿಸುವ ಬೃಹನ್ನಳೆ, ದ್ರೌಪದಿ ರಾಣಿಯ ಸೇವೆಯ ಸೈರಂಧ್ರಿ, ನಕುಲ ಕುದುರೆಲಾಯದಲ್ಲಿ, ಸಹದೇವ ದನಗಳ ಹಿಂದೆ. ಜೂಜಿನಲ್ಲಿ ರಾಜ್ಯ ಕಳೆದುಕೊಂಡ ಧರ್ಮರಾಯನು ಕಂಕಭಟ್ಟನೆಂಬ ಹೆಸರಿನಲ್ಲಿ ಅರಸನ ಜೊತೆ ದಾಳ ಆಡುತ್ತ ಕುಳಿತಿದ್ದಾನೆ. ಇವರಲ್ಲಿ ಯಾರನ್ನೂ ಆಟಗಾರರಿಗೆ ಕೊಡಬಾರದು. ಆಟಗಾರರು ವಲಲನ ಕೈಕೆಳಗೆ ಕಟ್ಟಿಗೆ ಒಟ್ಟುವ ಹುಡುಗ, ಲಾಯದ ಮೇಸ್ತ್ರಿ, ಸೈರಂಧ್ರಿಯ ಪಕ್ಕದಲ್ಲಿ ಮಲಗುವ ದಾಸಿ, ಊರ ದನ ಕಾಯುವ ಗೋವಳ, ಗಡಿಯ ಹಳ್ಳಿಯ ಗೌಡನ ಮಗಳು ಮೊದಲಾದವರಾಗಲಿ. ಹೊಸಬ ಅಡುಗೆಯವನು ಭೀಮನೆಂದು ಆಟಗಾರನಿಗೆ ಗೊತ್ತು, ಅವನು ವಹಿಸಿದ ಕಟ್ಟಿಗೆಯ ಹುಡುಗನಿಗೆ ಗೊತ್ತಿಲ್ಲ. ಈ ಎರಡು ತಿಳಿವಳಿಕೆಗಳ ಅಂತರದಲ್ಲಿ ಹಾಸ್ಯವೂ ಭಯವೂ ಹುಟ್ಟುತ್ತವೆ, ಗೇಮ್ ಮಾಸ್ಟರು ಹೆಚ್ಚು ಶ್ರಮಪಡಬೇಕಾಗುವುದಿಲ್ಲ.

ಯೋಜನೆಯಲ್ಲಿ ಕದಲದ ಘಟನೆಗಳು ಕೆಲವೇ ಇರಬೇಕು: ಅರಸ ವಿರಾಟನ ಸೇನಾಪತಿ ಕೀಚಕ ಸೈರಂಧ್ರಿಯ ಮೇಲೆ ಕಣ್ಣು ಹಾಕುತ್ತಾನೆ ಮತ್ತು ನಾಟ್ಯಶಾಲೆಯಲ್ಲಿ ರಾತ್ರಿ ಸಾಯುತ್ತಾನೆ, ಅವನಿಲ್ಲದ ಊರು ಸೊರಗಿತೆಂದು ತಿಳಿದ ತ್ರಿಗರ್ತದ ಸುಶರ್ಮ ದಕ್ಷಿಣ ದಿಕ್ಕಿನ ದನಗಳನ್ನೂ, ಮಾರನೆಯ ದಿನ ಕೌರವರು ಉತ್ತರದ ದನಗಳನ್ನೂ ಹಿಡಿಯುತ್ತಾರೆ, ವರ್ಷ ತುಂಬುತ್ತದೆ. ಉಳಿದದ್ದೆಲ್ಲ ತೆರೆದದ್ದು. ದುರ್ಯೋಧನನ ಗೂಢಚಾರರು ಊರೂರು ಹುಡುಕುತ್ತ ಬಂದು, ಹೊಸಬರ ಸುದ್ದಿ ಕೊಟ್ಟವರಿಗೆ ಹೊನ್ನು ಎಂದಾಗ, ಸಾಲದಲ್ಲಿರುವ ಲಾಯದ ಮೇಸ್ತ್ರಿ ಏನು ಮಾಡುತ್ತಾನೆ? ಕೀಚಕನ ದೌರ್ಜನ್ಯವನ್ನು ಕಂಡ ದಾಸಿ ಯಾರ ಮುಂದೆ ಬಾಯಿ ಬಿಡುತ್ತಾಳೆ, ಕೀಚಕನ ತಮ್ಮಂದಿರು ಸೇಡಿಗೆ ಬಂದಾಗ ಆ ದಾಸಿಯನ್ನು ಕಾಯುವವರಾರು? ವಿರಾಟನ ಸೈನ್ಯ ದಕ್ಷಿಣಕ್ಕೆ ಹೋಗಿರುವಾಗ ಉತ್ತರದ ಹಳ್ಳಿಯ ಗೋವಳ ದನ ಬಿಟ್ಟು ಓಡುತ್ತಾನೋ ನಿಲ್ಲುತ್ತಾನೋ? ಈ ಕೊನೆಯ ಪ್ರಶ್ನೆಗೆ ಧಾರವಾಡ, ಗದಗ, ಹಾವೇರಿ ಸೀಮೆಯ ವೀರಗಲ್ಲುಗಳು ಒಂದು ಬಗೆಯ ಉತ್ತರ ಕೊಟ್ಟಿವೆ. ತುರುಗೋಳು, ಅಂದರೆ ದನಗಳ ಸೂರೆ ನಡೆದಾಗ ಅಡ್ಡನಿಂತು ಸತ್ತವರ ನೆನಪಿಗೆ ನಿಲ್ಲಿಸಿದ ಈ ಕಲ್ಲುಗಳ ಕೆಳಪಟ್ಟಿಕೆಯಲ್ಲಿ ದನ, ಬಿಲ್ಲು, ಕಾಳಗ ಇರುತ್ತವೆ, ಮೇಲಣ ಪಟ್ಟಿಕೆಗಳಲ್ಲಿ ಸತ್ತವನು ಅಪ್ಸರೆಯರೊಡನೆ ಸ್ವರ್ಗಕ್ಕೆ ಏರುತ್ತಾನೆ. ಅರ್ಜುನನ ಗೋಗ್ರಹಣದ ಗೆಲುವು ಕಾವ್ಯಗಳಲ್ಲಿದೆ. ಅವನು ಬನ್ನಿಮರದಿಂದ ಗಾಂಡೀವ ಇಳಿಸಿ ರಥ ಹೂಡುವುದರೊಳಗೆ ದನಗಳ ಮುಂದೆ ನಿಂತ ಗೋವಳರ ಕಥೆಗೆ ಕಾವ್ಯ ಹೆಚ್ಚು ಗಮನ ಕೊಡುವುದಿಲ್ಲ, ಕ್ಯಾಂಪೇನಿಗೆ ಬೇಕಾದ ಜಾಗ ಅದೇ.

ಆಟಗಾರರು ಪಾಂಡವರ ಗುಟ್ಟನ್ನು ನಿಜವಾಗಿ ಬಯಲು ಮಾಡಿಬಿಟ್ಟರೆ ಹೇಗೆ ಎಂಬ ಆಕ್ಷೇಪ ಸಹಜ. ಅದನ್ನು ತಡೆಯಲು ಗೇಮ್ ಮಾಸ್ಟರು ಗೂಢಚಾರನನ್ನು ಇದ್ದಕ್ಕಿದ್ದಂತೆ ಹಾವು ಕಚ್ಚಿ ಸಾಯಿಸುವುದು ಕೈಲಾಗದವರ ಉಪಾಯ. ಅಂಥ ಒಂದು ಕೂಟದ ನಂತರ ತಮ್ಮ ನಿರ್ಧಾರಗಳಿಗೆ ಬೆಲೆಯಿಲ್ಲವೆಂದು ಆಟಗಾರರಿಗೆ ತಿಳಿದುಹೋಗುತ್ತದೆ. ಸುದ್ದಿ ಹಸ್ತಿನಾವತಿಗೆ ತಲುಪಲಿ, ಅಲ್ಲಿ ನಂಬುವವರು ನಂಬದವರು ಇರಲಿ, ದಿನಲೆಕ್ಕದಲ್ಲಿ ಅವಧಿ ಮುಗಿಯಿತೋ ಇಲ್ಲವೋ ಎಂಬ ವಾದ ಮೂಲಕಥೆಯಲ್ಲೇ ಇದೆಯಲ್ಲ. ಅದಕ್ಕೂ ಮೀರಿ ಕಥೆ ಹೊರಳಿದರೆ ಹೊರಳಲಿ. ದ್ರೌಪದಿಯ ಮದುವೆಯನ್ನೇ ತಿದ್ದಿದ ಕವಿಯ ತಾಯಿಯ ಊರಿನಲ್ಲಿ ಅದಕ್ಕೆ ಹೆದರಬೇಕಾಗಿಲ್ಲ.

ಎರಡು ಎಚ್ಚರಗಳು ಮಾತ್ರ ಅಗತ್ಯ. ಮಿಡ್ಲ್-ಅರ್ತ್ ಓದುಗರ ಪ್ರೀತಿಯ ಲೋಕ, ಭಾರತವಾದರೋ ಹಲವು ಮನೆಗಳಲ್ಲಿ ಪೂಜೆಯ ಗ್ರಂಥ. ಆದ್ದರಿಂದ ಆಟಕ್ಕೆ ಮೊದಲು ಒಂದು ಪೂರ್ವಕೂಟ ಸೇರಿಸಿ, ಯಾವುದನ್ನು ಆಡಬಹುದು, ಯಾವುದನ್ನು ತೆರೆಯ ಹಿಂದೆ ಬಿಡಬೇಕು ಎಂದು ಎಲ್ಲರೂ ಒಪ್ಪಿಕೊಳ್ಳಬೇಕು. ಕೀಚಕನ ಪ್ರಸಂಗದಲ್ಲಿ ಹೆಣ್ಣಿನ ಮೇಲಿನ ಬಲಾತ್ಕಾರ ಮೇಜಿನ ಮೋಜಾಗದಂತೆ ನೋಡಿಕೊಳ್ಳುವುದು ಈ ಒಪ್ಪಂದದ ಮೊದಲ ಮಾತು. ಎರಡನೆಯದು ಭಾಷೆಯದು: ಅರಸರು ಗ್ರಂಥಸ್ಥ ಕನ್ನಡ ಆಡಿದರೂ ಗೋವಳ ಮತ್ತು ದಾಸಿಯರು ಧಾರವಾಡದ ಆಡುಮಾತನ್ನೇ ಆಡಲಿ, ಸಣ್ಣಾಟ ಈ ದಾರಿಯನ್ನು ಎಂದೋ ಸವೆಸಿದೆ. ಹಕ್ಕಿನ ಕಿರಿಕಿರಿ ಇಲ್ಲಿ ಇಲ್ಲದಿರುವುದು ಒಂದು ಭಾಗ್ಯ; ಟೋಲ್ಕಿನ್ ಕಡೆಯವರ ಆಕ್ಷೇಪದಿಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ತನ್ನ ಹಾಬಿಟ್‌ಗಳಿಗೆ ‘ಹಾಫ್‌ಲಿಂಗ್’ ಎಂದು ಬೇರೆ ಹೆಸರಿಡಬೇಕಾಯಿತು, 1984ರ ಆಟದ ಪ್ರಕಾಶಕರು 1999ರಲ್ಲಿ ಪರವಾನಗಿಯನ್ನೇ ಕಳೆದುಕೊಂಡರು. ವ್ಯಾಸನ ಕಡೆಯಿಂದ ನೋಟೀಸು ಬರುವ ಸಂಭವವಿಲ್ಲ.

ಚರ್ಚೆಗೆ ಉಳಿದಿರುವ ಗಟ್ಟಿ ಪ್ರಶ್ನೆ ದಾಳದ್ದು. ಶಕುನಿಯ ದಾಳದಿಂದ ಹುಟ್ಟಿದ ಕಥೆಯನ್ನು ದಾಳದಿಂದಲೇ ಆಡುವುದರಲ್ಲಿ ಒಂದು ಸೊಗಸಿದೆ ನಿಜ. ಆದರೆ ಗೂಢಚಾರನ ಎದುರು ದಾಸಿ ಆಡಿದ ಮಾತು ನಾಟಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳವೊಂದು ತೀರ್ಮಾನಿಸಬೇಕೋ, ತಾಳಮದ್ದಳೆಯಲ್ಲಿ ಆಗುವಂತೆ ಮಾತಿನ ಬಲವೇ ತೀರ್ಮಾನಿಸಬೇಕೋ, ಮಾತುಗಾರಿಕೆ ಇಲ್ಲದ ಆಟಗಾರನಿಗೆ ಎರಡನೆಯ ಕ್ರಮದಲ್ಲಿ ಅನ್ಯಾಯವಾಗುವುದಿಲ್ಲವೇ ಎಂಬುದಕ್ಕೆ ಸಿದ್ಧ ಉತ್ತರವಿಲ್ಲ. ಕಾಳಗಕ್ಕೆ ದಾಳ, ವಾದಕ್ಕೆ ಮಾತು ಎಂಬ ಹಂಚಿಕೆ ಸದ್ಯಕ್ಕೆ ತಕ್ಕದ್ದೆಂದು ತೋರುತ್ತದೆಯಾದರೂ, ಅದನ್ನು ಒಪ್ಪುವ ಮೊದಲು ಮಧ್ಯಾಹ್ನದ ಗೋಷ್ಠಿಯಲ್ಲಿ ವಿರಾಟನಗರಿಯ ಒಂದು ಕೂಟವನ್ನು ಎರಡೂ ರೀತಿಯಲ್ಲಿ ಆಡಿ, ಅರ್ಥಗಾರಿಕೆ ಬಲ್ಲವರನ್ನೂ ದಾಳದ ಆಟ ಬಲ್ಲವರನ್ನೂ ಒಂದೇ ಮೇಜಿಗೆ ಕೂರಿಸಿ ನೋಡಬೇಕು.