ಅಟ್ಟದ ರೇಡಿಯೋ, ಮೊಮ್ಮಗನ ಗಿಟಾರ್

(ಮನೆಯಲ್ಲೇ ವಾಲ್ವ್ ಆಂಪ್ಲಿಫೈಯರ್ ಕಟ್ಟುವ ಕುರಿತು ನಮ್ಮ ವರದಿಗಾರರು ಚಿಕ್ಕೋಡಿಯಲ್ಲಿ ವಿದ್ಯಾರ್ಥಿಗಳು ಹಾಗೂ ಸಂಗೀತಾಸಕ್ತರ ಮುಂದೆ ಮಾಡಿದ ಭಾಷಣದ ಬರಹರೂಪ)



ಅಟ್ಟದ ಮೇಲೆ ಅಜ್ಜನ ಕಾಲದ ವಾಲ್ವ್ ರೇಡಿಯೋ. ಕೆಳಗೆ ಮೊಮ್ಮಗನ ಕೈಯಲ್ಲಿ ಗಿಟಾರ್. ಎರಡನ್ನೂ ಕೂಡಿಸಿದರೆ ಹೇಗೆ ಎಂಬ ಆಸೆ ಯಾವ ಹುಡುಗನಿಗಾದರೂ ಬರುವಂಥದ್ದೇ. ಆಸೆ ಒಳ್ಳೆಯದು, ಆದರೆ ತಿಳಿಯದೆ ಕೈ ಹಾಕಿದರೆ ಜೀವಕ್ಕೇ ಕುತ್ತು. ನಾನು ಎಂಜಿನಿಯರ್ ಅಲ್ಲ, ಪತ್ರಿಕೆಯ ವರದಿಗಾರ. ಓದಿ, ಕೇಳಿ ತಿಳಿದದ್ದನ್ನು ತಮ್ಮ ಮುಂದೆ ಇಡುತ್ತಿದ್ದೇನೆ.

ವಾಲ್ವ್ ಎಂದರೆ ಗಾಳಿ ತೆಗೆದ ಗಾಜಿನ ಬುರುಡೆ. ಅದರೊಳಗೆ ಕಾದ ಕ್ಯಾಥೋಡಿನಿಂದ ಹೊರಬಿದ್ದ ಎಲೆಕ್ಟ್ರಾನುಗಳು ಹೆಚ್ಚು ವೋಲ್ಟೇಜಿನ ಪ್ಲೇಟಿನತ್ತ ಓಡುತ್ತವೆ. ನಡುವೆ ಗ್ರಿಡ್ ಎಂಬ ಜಾಲರಿ. ಕೃಷ್ಣೆಯ ದಂಡೆಯ ರೈತರಿಗೆ ಇದನ್ನು ಹೇಳುವುದು ಸುಲಭ: ಗ್ರಿಡ್ ಎಂದರೆ ಕಾಲುವೆಯ ತೂಬು. ತೂಬಿನ ಹಲಗೆಯನ್ನು ಒಂದು ಕೈಯಿಂದ ತುಸು ಎತ್ತಿಳಿಸಿದರೆ ಕಾಲುವೆಯ ನೀರೆಲ್ಲ ಹೆಚ್ಚು ಕಡಿಮೆಯಾಗುತ್ತದೆ. ಹಾಗೆಯೇ ಗಿಟಾರಿನ ತಂತಿಯಿಂದ ಬಂದ ಸಣ್ಣ ಸಂಕೇತ ದೊಡ್ಡ ವಿದ್ಯುತ್ ಪ್ರವಾಹವನ್ನು ಕುಣಿಸುತ್ತದೆ. 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಎರಡು ಅಂಗಗಳ ವಾಲ್ವ್ ಮಾಡಿದರು. ಅದಾದ ಎರಡು ಮೂರು ವರ್ಷಗಳಲ್ಲೇ ಅಮೆರಿಕದ ಲೀ ಡಿ ಫಾರೆಸ್ಟ್ ನಡುವೆ ಗ್ರಿಡ್ ಸೇರಿಸಿದರು.

ನಮ್ಮ ಕಡೆಗೆ ವಾಲ್ವ್ ಬಂದದ್ದು ರೇಡಿಯೋ ಮತ್ತು ಮೈಕ್ ಸೆಟ್ಟಿನ ರೂಪದಲ್ಲಿ. 1950ರಲ್ಲಿ ಧಾರವಾಡ ಆಕಾಶವಾಣಿ ಆರಂಭವಾಯಿತು. ಬೆಂಗಳೂರಿನ ಬಿಇಎಲ್ ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆಗೆ ಕೈ ಹಾಕಿತು. 1947ರಲ್ಲಿ ಹುಟ್ಟಿದ ಟ್ರಾನ್ಸಿಸ್ಟರ್ ಮುಂದೆ ಇವನ್ನೆಲ್ಲ ಮೂಲೆಗೆ ತಳ್ಳಿತು. ಆದರೆ ಗಿಟಾರ್ ನುಡಿಸುವವರು ಮಾತ್ರ ವಾಲ್ವನ್ನು ಬಿಡಲಿಲ್ಲ.

ಏಕೆ ಬಿಡಲಿಲ್ಲ? ಶಕ್ತಿ ಮೀರಿ ನುಡಿಸಿದಾಗ ಟ್ರಾನ್ಸಿಸ್ಟರ್ ಅಲೆಯ ತಲೆಯನ್ನು ಕತ್ತಿಯಿಂದ ಕಡಿದಂತೆ ಕಡಿಯುತ್ತದೆ. ವಾಲ್ವ್ ಅದನ್ನು ಮೆಲ್ಲಗೆ ದುಂಡಗೆ ಮಾಡುತ್ತದೆ. ಎರಡೂ ದೋಷವೇ. ಆದರೆ ವಾಲ್ವಿನ ದೋಷದಿಂದ ಮೂಲ ಸ್ವರದ ಜತೆ ಇಂಪಾದ ಉಪಸ್ವರಗಳು ಹುಟ್ಟುತ್ತವೆ. ಇದು ನಮಗೆ ಹೊಸದಲ್ಲ. ಕಾಗವಾಡದ ಪಕ್ಕದ ಮಿರಜಿನಲ್ಲಿ ತಂಬೂರಿ ಮಾಡುವ ಕುಶಲಕರ್ಮಿಗಳು ಕುದುರೆಯ ಮೇಲ್ಮೈಯನ್ನು ನಯವಾಗಿ ಬಾಗಿಸಿ, ತಂತಿಯ ಕೆಳಗೆ ನೂಲಿನ ಎಳೆ ಸರಿಸಿ, ಝೇಂಕಾರವನ್ನು ಬೇಕೆಂದೇ ತರುತ್ತಾರೆ. ಅದಕ್ಕೆ ಜವಾರಿ ಎನ್ನುತ್ತಾರೆ (ನಮ್ಮ ಜವಾರಿ ಕೋಳಿಯ ಜವಾರಿ ಅಲ್ಲ!). ಮಿರಜಿನ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಶುದ್ಧ ಸ್ವರಕ್ಕೆ ಜೀವ ತುಂಬುವ ಆ ಗುಂಯ್‌ಗುಡುವಿಕೆಯನ್ನೇ ಗಿಟಾರಿನವರು ವಾಲ್ವಿನಲ್ಲಿ ಕಂಡುಕೊಂಡರು.

ಇನ್ನೊಂದು ಮಾತು. ಜಗತ್ಪ್ರಸಿದ್ಧ ಆಂಪ್ಲಿಫೈಯರುಗಳೇನೂ ದೊಡ್ಡ ಪ್ರಯೋಗಾಲಯಗಳಲ್ಲಿ ಹುಟ್ಟಿದವಲ್ಲ. ಲಿಯೋ ಫೆಂಡರ್ 1938ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದವರು. ಲಂಡನ್ನಿನಲ್ಲಿ ಡ್ರಮ್ ಅಂಗಡಿ ನಡೆಸುತ್ತಿದ್ದ ಜಿಮ್ ಮಾರ್ಷಲ್, ತಮ್ಮ ರಿಪೇರಿ ಹುಡುಗರ ನೆರವಿನಿಂದ 1962ರಲ್ಲಿ ಮೊದಲ ಆಂಪ್ಲಿಫೈಯರ್ ಕಟ್ಟಿಸಿದರು; ಅದಕ್ಕೆ ಮಾದರಿ ಫೆಂಡರರದೇ ಒಂದು ನಮೂನೆ. ನಿಪ್ಪಾಣಿ, ಅಥಣಿಯ ಪೇಟೆಯ ರಿಪೇರಿ ಅಂಗಡಿಗಳಿಗೂ ಅವುಗಳಿಗೂ ಹೆಚ್ಚಿನ ವ್ಯತ್ಯಾಸವೇನಿಲ್ಲ.

ಈಗ ಅಟ್ಟದ ರೇಡಿಯೋಗೆ ಬರೋಣ. ಮೊದಲು ವಾಲ್ವಿನ ಮೇಲಿನ ಹೆಸರು ಓದಿ. ಯುರೋಪಿನ ಪದ್ಧತಿಯಲ್ಲಿ ಮೊದಲಕ್ಷರ ಹೀಟರಿನದು. ‘ಇ’ ಇದ್ದರೆ 6.3 ವೋಲ್ಟ್. ‘ಯು’ ಇದ್ದರೆ 100 ಮಿಲಿಆಂಪಿಯರ್. ಅಂದರೆ ಹೀಟರುಗಳನ್ನೆಲ್ಲ ಸಾಲಾಗಿ ಪೋಣಿಸಿ ನೇರ ಮನೆಯ ಕರೆಂಟಿಗೆ ಕೊಟ್ಟಿರುತ್ತಾರೆ. ಕೆಲವು ಪಟ್ಟಣಗಳಲ್ಲಿ ಡಿ.ಸಿ. ವಿದ್ಯುತ್ ಇದ್ದ ಕಾಲದಲ್ಲಿ ಎ.ಸಿ., ಡಿ.ಸಿ. ಎರಡಕ್ಕೂ ನಡೆಯಲೆಂದು ಮಾಡಿದ ಸೆಟ್ಟುಗಳಿವು. ಇವುಗಳಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಕರೆಂಟಿನ ಒಂದು ತಂತಿ ಷಾಸಿಗೇ ಸೇರಿರುತ್ತದೆ. ರೇಡಿಯೋ ಕೇಳುವವನನ್ನು ಹೊರಗಿನ ಪೆಟ್ಟಿಗೆ, ಪ್ಲಾಸ್ಟಿಕ್ ಗುಬ್ಬಿಗಳು ಕಾಯುತ್ತವೆ. ಆದರೆ ಗಿಟಾರಿನ ಲೋಹದ ತಂತಿಗಳು ಕೇಬಲ್ಲಿನ ಹೊರಜಾಲರಿಯ ಮೂಲಕ ಷಾಸಿಗೆ ಸೇರುತ್ತವೆ. ಪ್ಲಗ್ ತಿರುಗಾಮುರುಗಾ ಹಾಕಿದರೆ ನುಡಿಸುವವನ ಬೆರಳಿಗೆ 230 ವೋಲ್ಟ್! ಆದ್ದರಿಂದ ‘ಯು’ ಕಂಡರೆ ಆ ರೇಡಿಯೋಗೆ ಗಿಟಾರ್ ಸಿಕ್ಕಿಸಲೇಬೇಡಿ. ‘ಇ’ ಕಂಡ ಮಾತ್ರಕ್ಕೆ ಕ್ಷೇಮ ಎಂದೂ ಅಲ್ಲ. ಒಳಗಿರುವುದು ಎರಡು ಸುತ್ತುಗಳೂ ಬೇರೆಬೇರೆಯಾದ ಟ್ರಾನ್ಸ್‌ಫಾರ್ಮರೇ ಎಂಬುದನ್ನು ಬಲ್ಲವರಿಂದ ಖಚಿತಪಡಿಸಿಕೊಳ್ಳಿ.

ಹೊಸದಾಗಿ ಕಟ್ಟುವವರಿಗೆ ಎರಡು ವಾಲ್ವ್ ಸಾಕು: ಮೊದಲು ಇಸಿಸಿ 83, ಕೊನೆಗೆ 6ವಿ6. ಇವು ಇಂದಿಗೂ ವಿದೇಶಗಳಲ್ಲಿ ತಯಾರಾಗುತ್ತವೆ. ಹೀಟರುಗಳಿಗೆ 6.3 ವೋಲ್ಟಿನಲ್ಲಿ ಒಟ್ಟು 0.75 ಆಂಪಿಯರ್ ಬೇಕು. ಟ್ರಾನ್ಸ್‌ಫಾರ್ಮರಿನ ಇನ್ನೊಂದು ಸುತ್ತಿನಿಂದ 200 ವೋಲ್ಟ್ ಎ.ಸಿ. ಪಡೆದು ಡಯೋಡುಗಳ ಬ್ರಿಜ್ ಮತ್ತು ಕೆಪಾಸಿಟರುಗಳಿಂದ ಡಿ.ಸಿ. ಮಾಡಿದರೆ ಸುಮಾರು 280 ವೋಲ್ಟ್ ಬರುತ್ತದೆ. ವಾಲ್ವ್ ಕರೆಂಟ್ ಎಳೆಯತೊಡಗಿದಾಗ ಅದು ಇಳಿಯುತ್ತದೆ. 6ವಿ6 ವಾಲ್ವಿನ ಪ್ಲೇಟಿಗೆ 250 ವೋಲ್ಟ್ ಇದ್ದರೆ ಗ್ರಿಡ್ಡು ಕ್ಯಾಥೋಡಿಗಿಂತ 12.5 ವೋಲ್ಟ್ ಕೆಳಗಿರಬೇಕು. ಕ್ಯಾಥೋಡಿನಲ್ಲಿ ಸುಮಾರು 50 ಮಿಲಿಆಂಪಿಯರ್ ಹರಿಯುವುದರಿಂದ, 12.5ನ್ನು 0.05ರಿಂದ ಭಾಗಿಸಿ: 250 ಓಮ್ ರೆಸಿಸ್ಟರ್. ಶಾಲೆಯಲ್ಲಿ ಓದಿದ ಓಮ್‌ನ ನಿಯಮ ಇಲ್ಲಿ ಕೆಲಸಕ್ಕೆ ಬಂತು ನೋಡಿ.

ಸ್ಪೀಕರಿನ ಮುಂದಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೂ ಲೆಕ್ಕವುಂಟು. ವಾಲ್ವಿಗೆ 5,000 ಓಮ್ ಬೇಕು, ಸ್ಪೀಕರ್ 8 ಓಮ್. ಭಾಗಿಸಿದರೆ 625, ಅದರ ವರ್ಗಮೂಲ 25. ಅಂದರೆ ಸುತ್ತುಗಳ ಪ್ರಮಾಣ 25ಕ್ಕೆ 1. ಪಂಪ್‌ಸೆಟ್ಟಿನ ಮೋಟಾರ್ ವೈಂಡಿಂಗ್ ಅಂಗಡಿಗಳು ನಮ್ಮ ಕಬ್ಬಿನ ಸೀಮೆಯಲ್ಲಿ ಬೇಕಾದಷ್ಟಿವೆ. ಟ್ರಾನ್ಸ್‌ಫಾರ್ಮರ್ ಸುತ್ತಬಲ್ಲವರನ್ನು ಅಲ್ಲಿ ವಿಚಾರಿಸಿ. ಅವರಿಗೆ ಒಂದು ವಿಷಯ ತಪ್ಪದೆ ಹೇಳಬೇಕು: ಇದರಲ್ಲಿ ಡಿ.ಸಿ. ಹರಿಯುವುದರಿಂದ ಕಬ್ಬಿಣದ ಪಟ್ಟಿಗಳನ್ನು ಒಂದರೊಳಗೊಂದು ಹೆಣೆಯದೆ, ‘ಇ’ಗಳನ್ನು ಒಂದೆಡೆ, ‘ಐ’ಗಳನ್ನು ಇನ್ನೊಂದೆಡೆ ಇಟ್ಟು ನಡುವೆ ತೆಳು ಕಾಗದ ಸೇರಿಸಬೇಕು. ದೊರೆಯುವ ಶಕ್ತಿ ನಾಲ್ಕೂವರೆ ವಾಟ್. ಕೋಣೆಗೆ ಧಾರಾಳವಾಯಿತು, ವೇದಿಕೆಯಲ್ಲಾದರೆ ಮುಂದೊಂದು ಮೈಕ್ ಇಡಿ.

ಕೊನೆಯದಾಗಿ ಎಚ್ಚರಿಕೆಯ ಮಾತು. ಸ್ವಿಚ್ ಆರಿಸಿದರೂ ಕೆಪಾಸಿಟರಿನಲ್ಲಿ ಕೊಲ್ಲುವಷ್ಟು ವಿದ್ಯುತ್ ಉಳಿದಿರುತ್ತದೆ. ಅದಕ್ಕೆ ಅಡ್ಡಲಾಗಿ 220 ಕಿಲೋಓಮ್, 2 ವಾಟ್ ರೆಸಿಸ್ಟರ್ ಖಾಯಂ ಬೆಸೆಯಿರಿ. ಆದರೂ ಅದನ್ನೇ ನಂಬದೆ, ಪ್ಲಗ್ ಕಿತ್ತು ಕಾದು, ಮೀಟರಿನಲ್ಲಿ ಅಳೆದ ಮೇಲೆಯೇ ಮುಟ್ಟಿ. ಮೂರು ಪಿನ್ನಿನ ಪ್ಲಗ್ ಹಾಕಿ, ಷಾಸಿಯನ್ನು ಅರ್ಥಿಗೆ ಸೇರಿಸಿ. ಹಳೆ ಮನೆಗಳಲ್ಲಿ ಮೂರನೆಯ ತೂತು ಬರಿಯ ತೂತಾಗಿರಬಹುದು. ವೈರ್‌ಮನ್ ಕರೆದು ಪರೀಕ್ಷಿಸಿ. ಮೊದಲ ಸಲ ಸೀರೀಸ್ ಬಲ್ಬಿನ ಮೂಲಕ ಚಾಲು ಮಾಡಿ. ಎಲ್‌ಇಡಿ ನಡೆಯದು, ಹಳೆಯ ತಂತಿಯ ಬಲ್ಬೇ ಬೇಕು. ಬಲ್ಬ್ ಪೂರ್ತಿ ಬೆಳಗಿ ಹಾಗೇ ಉಳಿದರೆ ಎಲ್ಲೋ ಶಾರ್ಟ್ ಇದೆ ಎಂದರ್ಥ. ಸ್ಪೀಕರ್ ಜೋಡಿಸದೆ ಎಂದೂ ಚಾಲು ಮಾಡಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕೆಟ್ಟೀತು.

ಇದೆಲ್ಲವನ್ನೂ ಕೈಯಾರೆ ಬಲ್ಲವರು ನಮ್ಮ ಊರುಗಳ ಹಳೆ ರೇಡಿಯೋ, ಮೈಕ್ ಸೆಟ್ ಮೆಕ್ಯಾನಿಕ್ಕರು. ಅವರಿಗೆ ವಯಸ್ಸಾಗಿದೆ. ಹಳೆಯ ಸೆಟ್ಟು ಗುಜರಿಗೆ ಹೋದರೆ ಟ್ರಾನ್ಸ್‌ಫಾರ್ಮರು ತಾಮ್ರದ ತೂಕಕ್ಕೆ ಬಿಕರಿಯಾಗುತ್ತದೆ. ಮೆಕ್ಯಾನಿಕ್ಕರ ವಿದ್ಯೆಗಾದರೋ ಗುಜರಿಯಲ್ಲೂ ಬೆಲೆಯಿಲ್ಲ. ರಾಯಬಾಗವಿರಲಿ, ಕಾಗವಾಡವಿರಲಿ, ಅಂಥ ಒಬ್ಬ ಕಾಕಾನ ಅಂಗಡಿಯಲ್ಲಿ ನಾಲ್ಕು ದಿನ ಕೂತು ಕೆಲಸ ನೋಡಿ, ಆಮೇಲೆ ಬೆಸುಗೆಯ ಕಡ್ಡಿ ಹಿಡಿಯಿರಿ. ಮೊದಲ ಸಲ ಚಾಲು ಮಾಡುವಾಗ ಅವರನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ.