ಬೆಂಕಿ ಆರಿಸೋ ಸೈನಿಕರು: ಪ್ಯಾರಿಸ್ ಅಗ್ನಿಶಾಮಕ ಬ್ರಿಗೇಡಿನ ಕಥೆ

 

ನಮ್ಮಲ್ಲಿ ಬಹಳ ಜನಕ್ಕೆ ಆನ್-ಕಾಲ್ ಡ್ಯೂಟಿ ಗೊತ್ತು. ರಾತ್ರಿ ಎರಡು ಗಂಟೆಗೆ ಫೋನ್ ಹೊಡ್ಕೊಳ್ಳುತ್ತೆ, ಸರ್ವರ್ ಬಿದ್ದಿದೆ, ಎದ್ದು ಕೂರಬೇಕು. ಇದಕ್ಕೆ ನಾವು 'ಫೈರ್ ಫೈಟಿಂಗ್' ಅಂತ ಹೆಸರಿಟ್ಟಿದ್ದೀವಿ. ಹಾಗಾದ್ರೆ ನಿಜವಾದ ಬೆಂಕಿ ಆರಿಸೋರು ತಮ್ಮ ಸಂಸ್ಥೆಯನ್ನ ಹೇಗೆ ಕಟ್ಟಿಕೊಂಡಿದ್ದಾರೆ? ಇವತ್ತು ಒಂದೇ ಒಂದು ಉದಾಹರಣೆ ನೋಡೋಣ: ಪ್ಯಾರಿಸ್ ನಗರದ ಅಗ್ನಿಶಾಮಕ ಬ್ರಿಗೇಡ್. ಇದರ ವಿಶೇಷ ಏನಪ್ಪಾ ಅಂದ್ರೆ, ಇವರು ನಗರಸಭೆಯ ನೌಕರರಲ್ಲ, ಫ್ರೆಂಚ್ ಭೂಸೇನೆಯ ಸೈನಿಕರು.

ಮೊದಲು ಸ್ವಲ್ಪ ಇತಿಹಾಸ. ಹಳೇ ಪ್ಯಾರಿಸ್‌ನಲ್ಲಿ ಬೆಂಕಿ ಬಿದ್ದರೆ ಓಡಿ ಬರ್ತಾ ಇದ್ದವರು ಬಡಗಿಗಳು, ಗಾರೆ ಕೆಲಸದವರು, ಮಠದ ಸನ್ಯಾಸಿಗಳು. ಕೈಯಲ್ಲಿ ಬಕೆಟ್ಟು, ಕೊಡಲಿ, ಅಷ್ಟೇ. 1699ರಲ್ಲಿ ಫ್ರಾನ್ಸ್ವಾ ದ್ಯುಮೂರಿಯೆ ದ್ಯು ಪೆರಿಯೆ ಅನ್ನೋ ಒಬ್ಬ ನಾಟಕದ ನಟ, ಕೈಯಿಂದ ಒತ್ತುವ ಪಂಪುಗಳನ್ನ ತಯಾರಿಸಿ ಮಾರುವ ಹಕ್ಕನ್ನ ರಾಜ ಹದಿನಾಲ್ಕನೇ ಲೂಯಿಯಿಂದ ಪಡೆದ. 1716ರ ಹೊತ್ತಿಗೆ ಈ ಪಂಪು ನೋಡಿಕೊಳ್ಳೋಕೆ ಸಂಬಳದ ಆಳುಗಳೂ ಬಂದರು. ಇವತ್ತಿಗೂ ಫ್ರೆಂಚರು ಅಗ್ನಿಶಾಮಕರನ್ನ 'ಪೊಂಪಿಯೆ' ಅಂತಾರೆ, ಅಂದರೆ ಪಂಪಿನವನು.

ಕಥೆ ತಿರುಗೋದು 1810ರ ಜುಲೈ 1ರ ರಾತ್ರಿ. ನೆಪೋಲಿಯನ್ ಆಸ್ಟ್ರಿಯಾದ ರಾಜಕುಮಾರಿ ಮರಿ ಲೂಯಿಸ್‌ಳನ್ನ ಮದುವೆಯಾಗಿದ್ದ. ಅದರ ಸಂಭ್ರಮಕ್ಕೆ ಆಸ್ಟ್ರಿಯಾದ ರಾಯಭಾರಿ ಶ್ವಾರ್ಜೆನ್‌ಬರ್ಗ್ ಒಂದು ದೊಡ್ಡ ನೃತ್ಯಕೂಟ ಇಟ್ಟಿದ್ದ. ತೋಟದಲ್ಲಿ ಮರದ ತಾತ್ಕಾಲಿಕ ಸಭಾಂಗಣ, ಗೋಡೆ ತುಂಬ ತೆಳು ಬಟ್ಟೆಯ ಅಲಂಕಾರ, ಸುತ್ತ ಮೇಣದಬತ್ತಿ. ನಮ್ಮ ಮದುವೆ ಪೆಂಡಾಲನ್ನ ನೆನಪಿಸಿಕೊಳ್ಳಿ, ಸಾಕು. ಒಂದು ಪರದೆಗೆ ಕಿಡಿ ತಾಗಿತು, ಸ್ವಲ್ಪ ಹೊತ್ತಿನಲ್ಲಿ ಸಭಾಂಗಣವೇ ಉರಿದುಹೋಯ್ತು. ರಾಯಭಾರಿಯ ಅತ್ತಿಗೆಯೂ ಸೇರಿ ಹಲವರು ಸತ್ತರು. ನೆಪೋಲಿಯನ್ ಹೆಂಡತಿಯನ್ನ ಹೊರಗೆ ಕರೆದುಕೊಂಡು ಹೋಗಿ ಬಿಟ್ಟು, ತಾನು ವಾಪಸ್ ಬಂದ. ಅಗ್ನಿಶಾಮಕರ ಅವ್ಯವಸ್ಥೆಯನ್ನ ಕಣ್ಣಾರೆ ನೋಡಿದ.

ಆಮೇಲೆ ಏನಾಯ್ತು ಅನ್ನೋದು ನನಗೆ ಮುಖ್ಯ. ದಳದ ಮುಖ್ಯಸ್ಥನ ಕೆಲಸ ಹೋಯ್ತು. ಪೊಲೀಸ್ ಪ್ರಿಫೆಕ್ಟ್ ದ್ಯುಬ್ವಾ ಕೂಡ ಅದೇ ವರ್ಷ ಕುರ್ಚಿ ಬಿಟ್ಟ. ಸಾಮಾನ್ಯವಾಗಿ ನಮ್ಮಲ್ಲಿ ಕಥೆ ಇಲ್ಲಿಗೇ ಮುಗಿಯುತ್ತೆ. ಯಾರೋ ಒಬ್ಬರ ತಲೆ ಉರುಳಿತು, ಫೈಲ್ ಮುಚ್ಚಿತು. ಅಲ್ಲಿ ಮುಂದಿನ ವರ್ಷ, 1811ರ ಸೆಪ್ಟೆಂಬರ್ 18ರಂದು, ನೆಪೋಲಿಯನ್ ಹಳೇ ದಳವನ್ನೇ ರದ್ದು ಮಾಡಿ ನಾಲ್ಕು ಕಂಪನಿಗಳ ಒಂದು ಸೈನಿಕ ಬೆಟಾಲಿಯನ್ ಕಟ್ಟಿದ. ಬ್ಯಾರಕ್ಕಿನಲ್ಲೇ ವಾಸ, ಸೇನೆಯ ಶಿಸ್ತು, ದಿನಾ ತಾಲೀಮು. ಅದು 1867ರ ಹೊತ್ತಿಗೆ ರೆಜಿಮೆಂಟ್ ಆಯ್ತು, 1967ರಲ್ಲಿ ಬ್ರಿಗೇಡ್ ಆಯ್ತು.

ಇವರ ಹೆಸರು 'ಸಪ್ಯರ್-ಪೊಂಪಿಯೆ'. ಸಪ್ಯರ್ ಅಂದ್ರೆ ಸ್ಯಾಪರ್. ಬೆಂಗಳೂರಿನ ಹಲಸೂರು ಕೆರೆ ಹತ್ತಿರ ಓಡಾಡಿದವರಿಗೆ ಮದ್ರಾಸ್ ಸ್ಯಾಪರ್ಸ್ ಗೊತ್ತಿರಲೇಬೇಕು. ಸೇತುವೆ ಕಟ್ಟೋರು, ಅಡ್ಡ ಬಂದ ಗೋಡೆ ಒಡೆಯೋರು, ಸೇನೆಯ ಎಂಜಿನಿಯರ್‌ಗಳು. ಬೆಂಕಿ ಹರಡದಂತೆ ಪಕ್ಕದ ಕಟ್ಟಡ ಕೆಡವೋದು ಆ ಕಾಲದಲ್ಲಿ ದೊಡ್ಡ ಕೆಲಸ, ಅದಕ್ಕೇ ಈ ಹೆಸರು. ಇವತ್ತಿಗೂ ಪ್ಯಾರಿಸ್ ಬ್ರಿಗೇಡ್ ಇರೋದು ಸೇನೆಯ ಎಂಜಿನಿಯರ್ ವಿಭಾಗದಲ್ಲೇ.

ಈಗ ಸಂಘಟನೆಗೆ ಬರೋಣ. ಒಬ್ಬ ಜನರಲ್ ಕೆಳಗೆ ಸುಮಾರು 8,500 ಮಂದಿ. ವ್ಯಾಪ್ತಿ ಪ್ಯಾರಿಸ್ ಮತ್ತು ಸುತ್ತಲಿನ ಮೂರು ಜಿಲ್ಲೆ, ಸುಮಾರು 760 ಚದರ ಕಿಲೋಮೀಟರ್, ಹತ್ತಿರ ಹತ್ತಿರ 70 ಲಕ್ಷ ಜನ. 70ಕ್ಕೂ ಹೆಚ್ಚು ಠಾಣೆಗಳು. ಇದನ್ನ ಮೂರು ದೊಡ್ಡ ಗುಂಪುಗಳಾಗಿ, ಗುಂಪನ್ನ ಕಂಪನಿಗಳಾಗಿ ಒಡೆದಿದ್ದಾರೆ. ಪ್ಯಾರಿಸ್ ನಗರವನ್ನ ಒಂದೇ ಗುಂಪಿಗೆ ಕೊಟ್ಟಿಲ್ಲ. ಪಿಜ್ಜಾ ತುಂಡು ಮಾಡಿದ ಹಾಗೆ ಪ್ರತಿ ಗುಂಪಿಗೂ ನಗರದ ಒಂದು ಪಾಲು, ಹೊರವಲಯದ ಒಂದು ಪಾಲು. ಲೋಡ್ ಹಂಚಿಕೆ ಅಂದ್ರೆ ಇದೇ ಅಲ್ವಾ?

ಇನ್ನೊಂದು ಸ್ವಾರಸ್ಯ: ಇವರಿಗೆ ಇಬ್ಬರು ಯಜಮಾನರು. ನೇಮಕ, ಬಡ್ತಿ, ಶಿಸ್ತು ಎಲ್ಲ ಸೇನೆಯದು. ಆದರೆ ಕೆಲಸಕ್ಕೆ ಆದೇಶ ಕೊಡೋದು ಪ್ಯಾರಿಸ್‌ನ ಪೊಲೀಸ್ ಪ್ರಿಫೆಕ್ಟ್, ಅಂದರೆ ನಾಗರಿಕ ಅಧಿಕಾರಿ. ಖರ್ಚನ್ನ ಸರ್ಕಾರವೂ ಸ್ಥಳೀಯ ಸಂಸ್ಥೆಗಳೂ ಹಂಚಿಕೊಳ್ತವೆ. ನಮ್ಮ ಮ್ಯಾಟ್ರಿಕ್ಸ್ ರಿಪೋರ್ಟಿಂಗ್ ನೋಡಿ ನಗೋರು ಇದನ್ನ ಗಮನಿಸಿ. 200 ವರ್ಷದಿಂದ ಇದು ನಡೀತಾ ಇದೆ, ಯಾಕಂದ್ರೆ ಯಾವ ವಿಷಯಕ್ಕೆ ಯಾರು ಅನ್ನೋದು ಸ್ಪಷ್ಟವಾಗಿದೆ.

ವರ್ಷಕ್ಕೆ ಸುಮಾರು 5 ಲಕ್ಷ ಸಲ ಇವರು ಹೊರಡ್ತಾರೆ. ಅದರಲ್ಲಿ ಬೆಂಕಿಯ ಪಾಲು ತುಂಬ ಚಿಕ್ಕದು. ಹೆಚ್ಚಿನವು ಎದೆನೋವು, ಅಪಘಾತ, ಮನೇಲಿ ಬಿದ್ದ ವಯಸ್ಸಾದವರು. ಆದರೂ ತಾಲೀಮು ಬೆಂಕಿಗೇ. 'ಪ್ಲಾಂಶ್' ಅಂತ ಒಂದು ಪರೀಕ್ಷೆ ಇದೆ: ನೆಲದಿಂದ 2.40 ಮೀಟರ್ ಎತ್ತರದಲ್ಲಿ ಒಂದು ಹಲಗೆ, ಪೂರ್ತಿ ಸಲಕರಣೆ ತೊಟ್ಟು, ಯಾರ ಸಹಾಯವೂ ಇಲ್ಲದೆ ತೋಳಿನ ಬಲದಿಂದ ಅದರ ಮೇಲೆ ಹತ್ತಬೇಕು. ಕಾಲಡಿಯ ನೆಲ ಕುಸಿದರೆ ತನ್ನನ್ನ ತಾನೇ ಎತ್ತಿಕೊಳ್ಳೋಕೆ ಆಗುತ್ತಾ ಅನ್ನೋದೇ ಪ್ರಶ್ನೆ. ಇವರ ಧ್ಯೇಯವಾಕ್ಯವನ್ನ ಕನ್ನಡಕ್ಕೆ ತಂದರೆ: ಉಳಿಸು, ಇಲ್ಲವೇ ಅಳಿ.

ಇದು ಬರೀ ಗೋಡೆ ಬರಹ ಅಲ್ಲ. 2019ರ ಜನವರಿ 12ರಂದು ಪ್ಯಾರಿಸ್‌ನ ತ್ರೆವೀಸ್ ಬೀದಿಯಲ್ಲಿ ಗ್ಯಾಸ್ ಸೋರಿಕೆ ನೋಡೋಕೆ ಹೋದಾಗ ಸ್ಫೋಟ ಆಗಿ ಬ್ರಿಗೇಡಿನ ಇಬ್ಬರು ಸತ್ತರು. ಮೂರು ತಿಂಗಳಲ್ಲಿ, ಏಪ್ರಿಲ್ 15ರ ಸಂಜೆ, ನೋತ್ರ್ ದಾಮ್ ಚರ್ಚಿಗೆ ಬೆಂಕಿ.

ಅವತ್ತು ಮೊದಲ ಅಲಾರ್ಮ್ ಬಂದದ್ದು ಸುಮಾರು 6:20ಕ್ಕೆ. ಪ್ಯಾನೆಲ್ ಮೇಲಿನ ಸಂದೇಶ ಸರಿಯಾಗಿ ಅರ್ಥವಾಗದೆ, ಕಾವಲುಗಾರ ಬೇರೆ ಕಡೆ ಹೋಗಿ ನೋಡಿದ. ಅಲ್ಲಿ ಬೆಂಕಿ ಇರಲಿಲ್ಲ. ಚಾವಣಿಯಲ್ಲಿ ಉರೀತಾ ಇದೆ ಅಂತ ಗೊತ್ತಾಗೋ ಹೊತ್ತಿಗೆ ಸುಮಾರು ಅರ್ಧ ಗಂಟೆ ಹೋಗಿತ್ತು. ಅಲರ್ಟ್ ಬಂದಿತ್ತು, ಓದೋಕೆ ಆಗಲಿಲ್ಲ. ಡ್ಯಾಶ್‌ಬೋರ್ಡ್ ಬರೆಯೋ ನಮಗೆ ಇದಕ್ಕಿಂತ ದೊಡ್ಡ ಪಾಠ ಬೇಕಾ?

ಎಂಟು ಗಂಟೆಗೆ ಸ್ವಲ್ಪ ಮುಂಚೆ ಶಿಖರ ಬಿತ್ತು. ಬೆಂಕಿ ಉತ್ತರದ ಗೋಪುರಕ್ಕೆ ಹತ್ತಿಕೊಂಡಿತ್ತು. ಒಳಗಿನ ಮರದ ಚೌಕಟ್ಟು ಸುಟ್ಟರೆ ಭಾರೀ ಗಂಟೆಗಳು ಬೀಳ್ತವೆ, ಗೋಪುರ ಕುಸಿಯುತ್ತೆ, ಬಹುಶಃ ಇಡೀ ಕಟ್ಟಡವೇ ಹೋಗುತ್ತೆ. ಜನರಲ್ ಜಾನ್-ಕ್ಲೋದ್ ಗಾಲೆ ಒಂದು ಸಣ್ಣ ತಂಡವನ್ನ ಆ ಗೋಪುರದೊಳಗೆ ಕಳಿಸೋ ನಿರ್ಧಾರ ಮಾಡಿದರು. ಜನವರಿಯಲ್ಲಿ ಇಬ್ಬರನ್ನ ಕಳಕೊಂಡ ದಳದ ಮುಖ್ಯಸ್ಥ ಅವರು. ಅದೂ ಒಳಗಿರೋದು ಕಲ್ಲು, ಜನ ಅಲ್ಲ. ಆ ಲೆಕ್ಕ ಎಷ್ಟು ಕಷ್ಟದ್ದು ಯೋಚಿಸಿ. ಗೋಪುರ ಉಳೀತು, ಯಾರೂ ಸಾಯಲಿಲ್ಲ. ನೆಲದ ಮೇಲೆ ಕೊಲೊಸಸ್ ಅನ್ನೋ ರೋಬಾಟ್ ನೀರು ಹೊಡೀತಿತ್ತು, ಮೇಲೆ ಡ್ರೋನ್ ಹಾರ್ತಿತ್ತು. ಆದರೂ ಗೋಪುರದ ಮೆಟ್ಟಿಲು ಹತ್ತಿದ್ದು ಮನುಷ್ಯರೇ.

ಹಾಗಂತ ಎಲ್ಲ ಊರಿಗೂ ಸೈನ್ಯ ಬೇಕು ಅಂತ ನಾನು ಹೇಳ್ತಾ ಇಲ್ಲ. ಸೈನಿಕರಿಗೆ ಮುಷ್ಕರದ ಹಕ್ಕಿಲ್ಲ, ಕಾರ್ಮಿಕ ಸಂಘ ಇಲ್ಲ. ಆ ಶಿಸ್ತಿಗೆ ಅವರು ಕೊಡೋ ಬೆಲೆ ಅದು. ಫ್ರಾನ್ಸಿನಲ್ಲೇ ಹೀಗಿರೋದು ಎರಡು ನಗರಗಳಲ್ಲಿ ಮಾತ್ರ. ಇನ್ನೊಂದು ಮಾರ್ಸೇಯ್, ಅಲ್ಲಿ ನೌಕಾಪಡೆಯವರು. 1938ರ ಅಕ್ಟೋಬರ್ 28ರಂದು ಅಲ್ಲೊಂದು ದೊಡ್ಡ ಅಂಗಡಿ ಸುಟ್ಟು 73 ಜನ ಸತ್ತರು, ಮರುವರ್ಷ ಆ ಬೆಟಾಲಿಯನ್ ಹುಟ್ಟಿತು. ಅವತ್ತು ಪ್ರಧಾನಿ ದಲಾದಿಯೆ ಪಕ್ಷದ ಸಮ್ಮೇಳನಕ್ಕೆ ಅಂತ ಅದೇ ಊರಲ್ಲಿದ್ದರು. ಗಮನಿಸಿದಿರಾ? ಎರಡು ಸಲವೂ ದೊಡ್ಡವರ ಕಣ್ಣೆದುರೇ ಬೆಂಕಿ ಬಿದ್ದ ಮೇಲೆ ವ್ಯವಸ್ಥೆ ಬದಲಾಯ್ತು. ಫ್ರಾನ್ಸಿನ ಉಳಿದ ಭಾಗವನ್ನ ಕಾಯೋದು ನಾಗರಿಕರು, ಬಹುಪಾಲು ಸ್ವಯಂಸೇವಕರು.

ನಮ್ಮ ದೇಶದಲ್ಲಿ ಏಪ್ರಿಲ್ 14 ಅಗ್ನಿಶಾಮಕ ಸೇವಾ ದಿನ. 1944ರಲ್ಲಿ ಅದೇ ದಿನ ಮುಂಬೈ ಬಂದರಿನಲ್ಲಿ ಫೋರ್ಟ್ ಸ್ಟಿಕಿನ್ ಹಡಗು ಸ್ಫೋಟಗೊಂಡು 66 ಅಗ್ನಿಶಾಮಕರು ಸತ್ತರು. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ನಮ್ಮ ತಲೆಮಾರಿನ ನೆನಪು: 2010ರ ಫೆಬ್ರವರಿ 23, ಒಂಬತ್ತು ಜನ ಸತ್ತರು, ನಮ್ಮ ಹಾಗೇ ಬೆಳಿಗ್ಗೆ ಬ್ಯಾಗ್ ಹಾಕ್ಕೊಂಡು ಆಫೀಸಿಗೆ ಹೋದವರೂ ಅವರಲ್ಲಿದ್ದರು.

ನಾನು ಪುಣೆಯಲ್ಲಿ ಇರೋದು ಹದಿನಾಲ್ಕನೇ ಮಹಡಿಯಲ್ಲಿ. ನಮ್ಮ ಸೊಸೈಟಿಯ ಬೆಂಕಿ ಮೆಟ್ಟಿಲ ಮೇಲೆ ಚಪ್ಪಲಿ ಸ್ಟ್ಯಾಂಡು, ಹಳೇ ಸೈಕಲ್ಲು, ಒಂದು ಕಡೆ ಹಾಸಿಗೆ. ಗ್ರೂಪಿನಲ್ಲಿ ಬರೆದರೆ ಇಪ್ಪತ್ತು ಥಂಬ್ಸ್-ಅಪ್ ಬರುತ್ತೆ, ಸಾಮಾನು ಅಲ್ಲೇ ಇರುತ್ತೆ. ಎಲ್ಲರಿಗೂ ಸೇರಿದ ಮೆಟ್ಟಿಲು ಅಂದ್ರೆ ಯಾರಿಗೂ ಸೇರದ ಮೆಟ್ಟಿಲು. ಕೊನೆಗೆ ಮಹಡಿಗೆ ಒಬ್ಬರ ಹೆಸರು ಬರೆದು ಲಿಫ್ಟ್ ಪಕ್ಕ ಅಂಟಿಸಿದೆವು. ಆರು ಮಹಡಿ ಖಾಲಿಯಾಗಿವೆ, ಇನ್ನೂ ಎಂಟು ಬಾಕಿ.

ಪ್ಯಾರಿಸ್ ಬ್ರಿಗೇಡಿನಲ್ಲಿ ಒಂದು ಸಂಪ್ರದಾಯ ಇದೆ. ಹಾಜರಿ ಕೂಗುವಾಗ ಕೆಲಸದಲ್ಲಿ ಸತ್ತವರ ಹೆಸರನ್ನೂ ಕೂಗ್ತಾರೆ. 'ಬೆಂಕಿಯಲ್ಲಿ ಮಡಿದರು' ಅಂತ ಉತ್ತರ ಬರುತ್ತೆ. ಹೆಸರು ಮರೀಬಾರದು ಅಂತ. ನಮ್ಮ ಕೆಲಸ ಅದಕ್ಕಿಂತ ಎಷ್ಟೋ ಸುಲಭ: ಅಂಥ ಪಟ್ಟಿಗೆ ಹೊಸ ಹೆಸರು ಸೇರದ ಹಾಗೆ ದಾರಿ ಬಿಡೋದು. ಈ ಭಾನುವಾರ ಲಿಫ್ಟ್ ಬಿಟ್ಟು, ಮಕ್ಕಳನ್ನೂ ಕರ್ಕೊಂಡು, ನಿಮ್ಮ ಮನೆಯಿಂದ ನೆಲದ ತನಕ ಮೆಟ್ಟಿಲು ಇಳಿದು ನೋಡಿ. ಎಷ್ಟು ನಿಮಿಷ ಆಯ್ತು, ಏನೇನು ಅಡ್ಡ ಸಿಕ್ತು ಬರೆದಿಟ್ಟುಕೊಳ್ಳಿ. ಆಮೇಲೆ ಅದನ್ನ ಯಾರು ತೆಗೀತಾರೆ ಅಂತ ಒಂದು ಹೆಸರೂ ಬರೀರಿ.